ಗುಹೆಯ ಕಲ್ಲಿನಲ್ಲಿ ಹಳೆಯ ಮುಂಗಾರನ್ನು ಹುಡುಕುವುದು ಹೇಗೆ?

ಮಳೆಯನ್ನು ಅಳೆದು ಬರೆದಿಟ್ಟ ದಾಖಲೆ ಬಹುತೇಕ ಕಡೆ ಇನ್ನೂರು ವರ್ಷವನ್ನೂ ದಾಟುವುದಿಲ್ಲ. ಸಾವಿರಾರು ವರ್ಷ ಹಿಂದಿನ ಮುಂಗಾರು ಹೇಗಿತ್ತೆಂದು ತಿಳಿಯಬೇಕಾದರೆ ಸುಣ್ಣಕಲ್ಲಿನ ಗುಹೆಯೊಳಗೆ ಇಳಿಯಬೇಕು. ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಸುಣ್ಣಕಲ್ಲನ್ನು ಕರಗಿಸುತ್ತಾ ಕೆಳಗಿಳಿಯುತ್ತದೆ. ಗುಹೆಯಲ್ಲಿ ತೊಟ್ಟಿಕ್ಕುವಾಗ ಆ ಅನಿಲ ಹೊರಟುಹೋಗಿ, ನೆಲದ ಮೇಲೆ ಸುಣ್ಣದ ತೆಳು ಪದರ ಉಳಿಯುತ್ತದೆ. ಹೀಗೆ ಪದರದ ಮೇಲೆ ಪದರ ಕೂತು ಮೇಲಕ್ಕೆ ಬೆಳೆಯುವುದೇ ಸ್ಟ್ಯಾಲಗ್ಮೈಟ್.

ಮೊದಲ ಕೆಲಸ, ಕಲ್ಲು ಆರಿಸುವುದು. ಗಾಳಿ ಆಡದ, ತೇವ ಜಾಸ್ತಿ ಇರುವ ಒಳಭಾಗದ ಕಲ್ಲೇ ಬೇಕು. ಗುಹೆಯ ಬಾಯಿಯ ಹತ್ತಿರ ನೀರು ಆವಿಯಾಗಿ ಲೆಕ್ಕ ಕೆಡುತ್ತದೆ. ಅನುಮತಿ ಪಡೆದು, ಸಾಧ್ಯವಾದರೆ ಆಗಲೇ ಮುರಿದು ಬಿದ್ದಿರುವುದನ್ನೇ ತರಬೇಕು. ಒಮ್ಮೆ ಕಿತ್ತ ಕಲ್ಲು ನಮ್ಮ ಕಾಲದಲ್ಲಿ ಮತ್ತೆ ಬೆಳೆಯುವುದಿಲ್ಲ, ಅಲ್ವಾ?

ಆಮೇಲೆ ಅದನ್ನು ಉದ್ದಕ್ಕೆ ಸೀಳಿ ಪಾಲಿಶ್ ಮಾಡಿದರೆ ಪದರಗಳು ಕಾಣುತ್ತವೆ.

ಇನ್ನು ವಯಸ್ಸು. ಈ ಕಲ್ಲಿನ ನಿಜವಾದ ಬಲ ಇರುವುದು ಇಲ್ಲೇ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಬಹುತೇಕ ಕರಗುವುದಿಲ್ಲ. ಹಾಗಾಗಿ ಹೊಸ ಪದರದಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ ಹೆಚ್ಚುಕಡಿಮೆ ಇರುವುದೇ ಇಲ್ಲ. ವರ್ಷಗಳು ಕಳೆದಂತೆ ಯುರೇನಿಯಂ-234 ಕ್ಷಯಿಸಿ ಥೋರಿಯಂ-230 ಆಗುತ್ತದೆ. ಸಣ್ಣ ಡ್ರಿಲ್‌ನಿಂದ ಪುಡಿ ತೆಗೆದು, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಎರಡರ ಅನುಪಾತ ಅಳೆದರೆ ಪದರದ ವಯಸ್ಸು ಸಿಗುತ್ತದೆ. ಸುಮಾರು 6 ಲಕ್ಷ ವರ್ಷ ಹಿಂದಿನವರೆಗೂ ಇದು ನಡೆಯುತ್ತದೆ. ಆದರೆ ಜೇಡಿಮಣ್ಣು ಸೇರಿದ ಪದರ ಬೇಡ. ಮಣ್ಣಿನ ಜೊತೆ ಹಳೆಯ ಥೋರಿಯಂ ಬಂದು, ಕಲ್ಲು ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ.

ಮುಂದೆ ಆಮ್ಲಜನಕದ ಸರದಿ. ತುದಿಯಿಂದ ಬುಡದವರೆಗೆ ಒತ್ತೊತ್ತಾಗಿ ಪುಡಿ ತೆಗೆದು, ಭಾರದ ಆಮ್ಲಜನಕ-18 ಮತ್ತು ಹಗುರದ ಆಮ್ಲಜನಕ-16ರ ಅನುಪಾತ ನೋಡುತ್ತಾರೆ. ಮೋಡ ಮಳೆ ಸುರಿಸುತ್ತಾ ಸಾಗುವಾಗ ಭಾರದ್ದು ಮೊದಲು ಇಳಿದು, ಉಳಿದ ತೇವದಲ್ಲಿ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಮುಂಗಾರು ಜೋರಾಗಿದ್ದ ಕಾಲದ ಪದರದಲ್ಲಿ ಸಾಮಾನ್ಯವಾಗಿ ಆಮ್ಲಜನಕ-18 ಕಡಿಮೆ ಇರುತ್ತದೆ. ಹಾಗಂತ ಸುಮ್ನೆ ಇದನ್ನು ಮಳೆಮಾಪಕದಂತೆ ಓದಬಾರದು. ತೇವ ಯಾವ ಸಮುದ್ರದಿಂದ ಬಂತು, ಎಷ್ಟು ದೂರ ಬಂತು, ಗುಹೆಯ ಉಷ್ಣಾಂಶ ಎಷ್ಟಿತ್ತು ಎಂಬುದೂ ಅದೇ ಅನುಪಾತವನ್ನು ಬದಲಿಸುತ್ತದೆ. ಆದ್ದರಿಂದ ಗುಹೆಯಲ್ಲಿ ಇವತ್ತು ತೊಟ್ಟಿಕ್ಕುವ ನೀರನ್ನೂ, ಹೊರಗೆ ಬೀಳುವ ಮಳೆಯನ್ನೂ ಅಳೆದು ಹೋಲಿಸಬೇಕು. ಕಲ್ಲಿನ ಮೆಗ್ನೀಸಿಯಂ, ಸ್ಟ್ರಾನ್ಷಿಯಂ ಕೂಡ ಬರಗಾಲದ ಸುಳಿವು ಕೊಡುತ್ತವೆ.

ಕೊನೆಗೆ, ಒಂದೇ ಕಲ್ಲನ್ನು ನಂಬಬೇಡಿ. ಒಂದೇ ಕಾಲದಲ್ಲಿ ಬೆಳೆದ ಎರಡು ಕಲ್ಲುಗಳು ಒಂದೇ ಏರಿಳಿತ ತೋರಿಸಿದಾಗ ಧೈರ್ಯ ಬರುತ್ತದೆ. ಚೀನಾದ ಗುಹೆಗಳ ಹಲವು ಕಲ್ಲುಗಳನ್ನು ಜೋಡಿಸಿ 2016ರಲ್ಲಿ ಪ್ರಕಟಿಸಿದ ದಾಖಲೆ 6,40,000 ವರ್ಷ ಹಿಂದಕ್ಕೆ ಹೋಗುತ್ತದೆ. ಭೂಮಿಯ ಅಕ್ಷ ಓಲಾಡುವ ಸುಮಾರು 23,000 ವರ್ಷಗಳ ಲಯಕ್ಕೆ ಮುಂಗಾರು ಏರಿಳಿದದ್ದು ಅದರಲ್ಲಿ ಸ್ಪಷ್ಟವಾಗಿದೆ.

ಮೇಘಾಲಯದ ಮಾಮ್ಲು ಗುಹೆಯ ಒಂದು ಕಲ್ಲು, ಸುಮಾರು 4,200 ವರ್ಷ ಹಿಂದೆ ಮುಂಗಾರು ಕುಗ್ಗಿದ್ದನ್ನು ತೋರಿಸಿತು. ಆ ಕಲ್ಲನ್ನೇ ಗುರುತಾಗಿಟ್ಟು, ಅಲ್ಲಿಂದ ಇವತ್ತಿನವರೆಗಿನ ಕಾಲಕ್ಕೆ 2018ರಲ್ಲಿ 'ಮೇಘಾಲಯನ್' ಎಂದು ಹೆಸರಿಟ್ಟರು. ಅದೇ ಗುಹೆಯ ಬೇರೆ ಕಲ್ಲುಗಳನ್ನು ಓದಿದವರಿಗೆ ಆ ಬದಲಾವಣೆಯ ವೇಗ, ಅವಧಿ ಬೇರೆಯಾಗಿ ಕಂಡಿವೆ. ಚರ್ಚೆ ಇನ್ನೂ ನಡೆಯುತ್ತಿದೆ.