ಮಸ್ಟ್ಯಾಂಗ್ ಮೈಗೆ ಫಾಯಿಲ್ ಹೊದಿಸಿದ್ದು

ಬೆಳ್ಳಿಬಣ್ಣವನ್ನು ಎಷ್ಟು ಚೆನ್ನಾಗಿ ಹೊಡೆದರೂ ಅದು ಬಣ್ಣವೇ. ಬಣ್ಣ ಕಾಣದ ಲೋಹದ ಮೈಯಲ್ಲಿ ಒಂದು ತಗಡು ಹೊಳೆಯುತ್ತಿದ್ದರೆ ಪಕ್ಕದ್ದು ಮಂಕಾಗಿರುತ್ತದೆ. ವಿಮಾನವನ್ನು ಸ್ವಲ್ಪ ತಿರುಗಿಸಿದರೆ ಎರಡೂ ಅದಲುಬದಲು. ಅದು ಬೇಕೆಂದೇ ನಾನು ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಪಿ-51ಡಿ ಮಸ್ಟ್ಯಾಂಗ್‌ನ 1/48 ಅಳತೆಯ ಪ್ಲಾಸ್ಟಿಕ್ ಮಾದರಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಲು ಕೂತೆ.

ಹಿಂಬದಿಯಲ್ಲೇ ಅಂಟು ಬಳಿದಿರುವ ತೆಳು ಫಾಯಿಲ್ ಹಾಳೆಗಳು ಸಿಗುತ್ತವೆ. ತಿರುವುಗಳಿಗೆ ಅವು ಸೊಗಸಾಗಿ ಬಗ್ಗುತ್ತವೆ. ಆದರೆ ನಾನು ಬಹಳ ಕಾಲ ಇಟ್ಟುಕೊಂಡಿದ್ದ ಹಾಳೆ, ಕಾಗದದಿಂದ ಬಿಡಿಸುವಾಗಲೇ ಚೂರುಚೂರಾಯಿತು. ಹಾಗಾಗಿ ಹೊಸದನ್ನು ಮೂತಿಗೆ ಮೀಸಲಿಟ್ಟು, ದೊಡ್ಡ ಪ್ಯಾನೆಲ್‌ಗಳಿಗೆ, ಎಂದರೆ ಮೈಯ ತಗಡಿನ ತುಂಡುಗಳಿಗೆ, ಅಡುಗೆಮನೆಯ ಫಾಯಿಲ್ ಬಳಸಿದೆ. ಅದರ ದಪ್ಪ ಸುಮಾರು 0.016 ಮಿ.ಮೀ. ಅದನ್ನು 48ರಿಂದ ಗುಣಿಸಿದರೆ 0.77 ಮಿ.ಮೀ., ನಿಜವಾದ ವಿಮಾನದ ತಗಡಿಗೆ ಹತ್ತಿರದ ದಪ್ಪ! ಈ ಲೆಕ್ಕ ಹಾಕಿದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಫಾಯಿಲ್ ಯಾವ ಕೊರತೆಯನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಪ್ಲಾಸ್ಟಿಕ್ ಮೇಲಿನ ಒಂದು ಗೀರು, ಒಂದು ಕಣ ಧೂಳು ಸಾಕು, ದೀಪದ ಕೆಳಗೆ ಗುಡ್ಡದಂತೆ ಕಾಣುತ್ತದೆ. 1000, 2000, 4000 ನಂಬರಿನ ಉಜ್ಜುಕಾಗದಗಳಿಂದ ಒದ್ದೆಯಲ್ಲೇ ಉಜ್ಜಿ, ಒರೆಸಿ, ಮತ್ತೆ ಬೆರಳು ತಾಗಿಸದೆ ಇಟ್ಟೆ. ಮೂತಿಯ ಮೇಲ್ಭಾಗದ ಹಸಿರು ಪಟ್ಟಿಗೆ ಮೊದಲೇ ಬಣ್ಣ ಹೊಡೆದಿದ್ದೆ, ಏಕೆಂದರೆ ಆಮೇಲೆ ಬಣ್ಣ ತಾಗದಂತೆ ಮುಚ್ಚುವ ಮಾಸ್ಕಿಂಗ್ ಟೇಪ್ ಹಚ್ಚಿ ಕಿತ್ತರೆ ಫಾಯಿಲ್ ಕೂಡ ಜೊತೆಗೇ ಎದ್ದುಬರುತ್ತದೆ.

ಅಂಟನ್ನು ಫಾಯಿಲ್‌ನ ಮಂಕು ಬದಿಗೆ ತೆಳ್ಳಗೆ ಸವರಬೇಕು. ಹಚ್ಚುವಾಗ ಹಾಲಿನಂತೆ ಬೆಳ್ಳಗಿರುವ ಅದು ಪೂರ್ತಿ ತಿಳಿಯಾಗುವವರೆಗೆ ಕಾಯಲೇಬೇಕು. ಮೊದಲ ಪ್ಯಾನೆಲ್‌ನಲ್ಲಿ ನಾನು ಅವಸರ ಮಾಡಿದೆ. ಒಳಗೆ ಹಸಿ ಉಳಿದು ಫಾಯಿಲ್ ಜಾರಿತು, ಸುಕ್ಕಾಯಿತು, ಕಿತ್ತು ಹಾಕಬೇಕಾಯಿತು.

ಒಂದು ಸಲಕ್ಕೆ ಒಂದೇ ಪ್ಯಾನೆಲ್. ಸುತ್ತ ಮೂರು ನಾಲ್ಕು ಮಿಲಿಮೀಟರ್ ಹೆಚ್ಚಾಗಿ ಕತ್ತರಿಸಿ, ನಡುವಿನಿಂದ ಅಂಚಿನ ಕಡೆಗೆ ಕಾಟನ್ ಬಡ್‌ನಿಂದ ಒತ್ತುತ್ತ ಹೋದೆ. ನಂತರ ಟೂತ್‌ಪಿಕ್ ತುದಿಯಿಂದ ಪ್ಯಾನೆಲ್ ಗೆರೆಯೊಳಕ್ಕೆ ಫಾಯಿಲನ್ನು ಇಳಿಸಿ, ಆ ಗೆರೆಯಲ್ಲೇ ಹೊಸ ಬ್ಲೇಡನ್ನು ಮಲಗಿಸಿ ಹಗುರವಾಗಿ ಎಳೆದೆ. ಬ್ಲೇಡ್ ಸ್ವಲ್ಪ ಮೊಂಡಾದರೂ ಕತ್ತರಿಸುವ ಬದಲು ಹರಿಯುತ್ತದೆ. ಬ್ಲೇಡಿನ ವಿಷಯದಲ್ಲಿ ಜಿಪುಣತನ ಬೇಡ.

ನಿಜವಾದ ಕೆಲಸ ಇರುವುದು ಎಳೆಯ ದಿಕ್ಕಿನಲ್ಲಿ. ರೋಲರುಗಳ ನಡುವೆ ಹಾಯ್ದು ಬಂದ ಅಲ್ಯೂಮಿನಿಯಂಗೆ ಮರದಂತೆ ಒಂದು ಎಳೆ ಇರುತ್ತದೆ. ಅಂಟು ಹಚ್ಚುವ ಮೊದಲು ಹೊಳಪಿನ ಬದಿಯನ್ನು ಅತಿ ನುಣುಪಾದ ಉಕ್ಕಿನ ನಾರಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಒಂದು ಪ್ಯಾನೆಲ್‌ನಲ್ಲಿ ಎಳೆ ಉದ್ದಕ್ಕೆ, ಪಕ್ಕದ್ದರಲ್ಲಿ ಅಡ್ಡಕ್ಕೆ ಬರುವಂತೆ ಕೂರಿಸಿದೆ. ಒಂದೇ ಸುರುಳಿಯ ಫಾಯಿಲ್ ಆದರೂ ಬೇರೆ ಬೇರೆ ತಗಡುಗಳಂತೆ ಕಂಡವು.

ಮೂತಿ ನನ್ನನ್ನು ಮೂರು ಸಂಜೆ ಕೂರಿಸಿತು. ಎರಡೂ ದಿಕ್ಕಿಗೆ ಬಾಗುವ ಕಡೆ ಅಗಲದ ತುಂಡು ಎಂದೂ ಸುಕ್ಕಿಲ್ಲದೆ ಕೂರದು. ಗಾಳಿ ಒಳಹೋಗುವ ಬಾಯಿಯ ತುಟಿಯ ಸುತ್ತ ಅಂಟುಹಾಳೆಯ ಕಿರಿದಾದ ಪಟ್ಟಿಗಳನ್ನು ಒಂದರ ಮೇಲೊಂದು ಕೂದಲೆಳೆಯಷ್ಟು ಏರಿಸಿ, ಅಂಚು ಮಾಯವಾಗುವವರೆಗೆ ತೀಡಿದೆ.

ಇಷ್ಟೆಲ್ಲ ಮಾಡಿ ರೆಕ್ಕೆಗಳಿಗೂ ಫಾಯಿಲ್ ಹೊದಿಸಿದ ಮೇಲೆ ನನಗೆ ತಿಳಿದದ್ದು: ಮಸ್ಟ್ಯಾಂಗ್‌ನ ರೆಕ್ಕೆ ಬರಿಯ ಲೋಹವಲ್ಲ. ಗಾಳಿ ಅದರ ಮೇಲೆ ಕದಡದೆ ಹರಿಯಬೇಕೆಂದು ಕಾರ್ಖಾನೆಯಲ್ಲೇ ಮುಂಭಾಗದ ತಗಡಿನ ಸಂದು, ರಿವೆಟ್‌ಗಳಿಗೆ ಪುಟ್ಟಿ ತುಂಬಿ ನಯಗೊಳಿಸಿ ಬೆಳ್ಳಿಬಣ್ಣ ಬಳಿಯುತ್ತಿದ್ದರು. ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರ್ ಅಂತೂ ಬಟ್ಟೆ ಹೊದಿಸಿದ್ದು. ಮನಸ್ಸಿಗೆ ನೋವಾದರೂ ರೆಕ್ಕೆ, ರಡ್ಡರಿನ ಫಾಯಿಲನ್ನು ಸುಲಿದೆ, ಉಳಿದ ಅಂಟನ್ನು ಒರೆಸಿ ತೆಗೆದೆ, ರೆಕ್ಕೆಯ ಗೆರೆಗಳನ್ನು ಪುಟ್ಟಿಯಿಂದ ಮುಚ್ಚಿ, ರಡ್ಡರಿಗೂ ಸೇರಿಸಿ ಬೆಳ್ಳಿಬಣ್ಣ ಹೊಡೆದೆ. ರೆಕ್ಕೆಯಲ್ಲಿ ಹಿಂದಂಚಿನ ಬಾಗುವ ಭಾಗಗಳಾದ ಫ್ಲ್ಯಾಪ್‌ಗಳ ಮೇಲೆ ಮಾತ್ರ ಫಾಯಿಲ್ ಉಳಿಸಿಕೊಂಡೆ.

ಈಗ ದೀಪದ ಕೆಳಗೆ ತಿರುಗಿಸಿದಾಗ ಒಡಲಿನ ಮೇಲೆ ಬೆಳಕು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಹಾರುತ್ತದೆ, ರೆಕ್ಕೆಯ ಮೇಲೆ ಒಂದೇ ಸಮನೆ ನಿಂತಿರುತ್ತದೆ.