ಎಡಬದಿ ಬಿಡದೆ: ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ನನ್ನ ಸೈಕಲ್ ಅನುಭವ

ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ವಾಹನಗಳಿಗೆ ಎದುರಾಗಿ ಸೈಕಲ್ ತುಳಿಯುತ್ತ ಬರುವವರು ದಿನವೂ ಕಾಣಸಿಗುತ್ತಾರೆ. ಮನೆಮನೆಗೆ ಹಾಲು ಹಾಕುವವರು, ಅಮರಗೋಳದ ಎಪಿಎಂಸಿಗೆ ಹೋಗುವ ಹಮಾಲರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು, ಶಾಲೆಯ ಮಕ್ಕಳು. ಕಾರಿನಲ್ಲಿ ಕುಳಿತು ನೋಡುವವರು ಇವರಿಗೆ ಶಿಸ್ತಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನವನಗರದಿಂದ ವಿದ್ಯಾನಗರಕ್ಕೆ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಿಬರುವ ನಾನು ಆ ತೀರ್ಪನ್ನು ಒಪ್ಪುವುದಿಲ್ಲ. ಇವರಲ್ಲಿ ಅನೇಕರನ್ನು ನಿಲ್ಲಿಸಿ ಮಾತನಾಡಿಸಿದ್ದೇನೆ. ಹಟಕ್ಕೆ ಹಾಗೆ ಬರುವವರು ಯಾರೂ ಇರಲಿಲ್ಲ. ಸುತ್ತಿಕೊಂಡು ಹೋಗಬೇಕಾದ ದೂರ ಒಂದು ಕಾರಣ. ಬೆನ್ನ ಹಿಂದೆ ಏನು ಬರುತ್ತಿದೆಯೋ ಎಂಬ ಭಯ ಇನ್ನೊಂದು. ಎರಡೂ ನಿಜವಾದ ಕಾರಣಗಳೇ. ಎದುರು ದಿಕ್ಕಿನಲ್ಲಿ ತುಳಿಯುವುದರಿಂದ ಮಾತ್ರ ಎರಡೂ ನೀಗುವುದಿಲ್ಲ. ನಾನು ಇವನ್ನು ಹೇಗೆ ನಿಭಾಯಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಸ್ತೆಯ ವಿಷಯ. ಅವಳಿ ನಗರಗಳ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯ ಬಹುಪಾಲಿನಲ್ಲಿ ನಟ್ಟನಡುವೆ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳಿಗೆಂದೇ ಮೀಸಲಾದ ಪಥವಿದೆ. 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದ ಈ ಬಸ್ಸುಗಳ ಅಧಿಕೃತ ಉದ್ಘಾಟನೆ ಆದದ್ದು 2020ರ ಫೆಬ್ರುವರಿಯಲ್ಲಿ. ಬಸ್ ಪಥಕ್ಕೆ ಬೇಲಿಯಿದೆ, ನಿಲ್ದಾಣಗಳೂ ರಸ್ತೆಯ ಮಧ್ಯದಲ್ಲೇ ಇವೆ. ಬೇಲಿ ಇಲ್ಲದಿದ್ದರೆ ಬಸ್ಸಿಗೆ ಆ ವೇಗ ದಕ್ಕುತ್ತಿರಲಿಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರಿಂದಾಗಿ ಸೈಕಲ್ಲಿನವರ ಪಾಲಿಗೆ ಇದು ಒಂದು ರಸ್ತೆಯಾಗಿ ಉಳಿದಿಲ್ಲ, ಅಕ್ಕಪಕ್ಕದ ಎರಡು ಏಕಮುಖ ರಸ್ತೆಗಳಾಗಿವೆ. ಮನೆ ಯಾವ ಬದಿಗೇ ಇರಲಿ, ಹೋಗುವಾಗಲಾದರೂ ಬರುವಾಗಲಾದರೂ ಒಮ್ಮೆ ಆಚೆ ಬದಿಗೆ ದಾಟಲೇಬೇಕು. ದಾಟುವ ಜಾಗ ಹಿಂದಿದ್ದು, ಹೋಗಬೇಕಾದ ಅಂಗಡಿ ಮುಂದೆ ಇನ್ನೂರು ಮೀಟರಿನಲ್ಲೇ ಕಾಣುತ್ತಿದ್ದರೆ, ತಲೆಯ ಮೇಲೆ ಬಿಸಿಲು, ಕ್ಯಾರಿಯರ್ ಮೇಲೆ ಭಾರ ಇರುವ ಮನುಷ್ಯ ಯಾವ ದಾರಿ ಹಿಡಿಯುತ್ತಾನೆ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಇನ್ನೂರು ಮೀಟರಿನಲ್ಲಿ ಆಗುವುದೇನು? ಗಂಟೆಗೆ 40 ಕಿಲೋಮೀಟರ್ ವೇಗದ ಕಾರು, 15ರ ವೇಗದ ಸೈಕಲ್ ಎಂದುಕೊಳ್ಳಿ. ಇಬ್ಬರೂ ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ಕಾರು ಸೈಕಲ್ಲನ್ನು ಸಮೀಪಿಸುವ ವೇಗ 25. ಎದುರುಬದುರಾದರೆ 55. ನಡುವೆ 40 ಮೀಟರ್ ಅಂತರವಿದ್ದರೆ ಮೊದಲನೆಯ ಸಂದರ್ಭದಲ್ಲಿ ಚಾಲಕನಿಗೆ ಆರು ಸೆಕೆಂಡಿನಷ್ಟು ಸಮಯ ಸಿಗುತ್ತದೆ, ಎರಡನೆಯದರಲ್ಲಿ ಎರಡೂವರೆ ಸೆಕೆಂಡು ಮಾತ್ರ. ಸಮಯಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಹಿಂದಿನಿಂದ ಬರುವ ಚಾಲಕನಿಗೆ ನನ್ನನ್ನು ದಾಟಲು ಜಾಗ ಸಿಗದಿದ್ದರೆ, ವೇಗವನ್ನು 15ಕ್ಕೆ ಇಳಿಸಿ ಸ್ವಲ್ಪ ದೂರ ನನ್ನ ಹಿಂದೆಯೇ ಬರಬಹುದು. ಎದುರಿನಿಂದ ಬರುವವನಿಗೆ ಆ ಅವಕಾಶವಿಲ್ಲ. ಅವನು ಪಕ್ಕಕ್ಕೆ ಸರಿಯಬೇಕು, ಇಲ್ಲವೇ ಪೂರ್ತಿ ನಿಲ್ಲಬೇಕು. ಪಕ್ಕದಲ್ಲಿ ಲಾರಿ ಇದ್ದರೆ ಸರಿಯಲು ಜಾಗವೂ ಇಲ್ಲ.

ಅಡ್ಡರಸ್ತೆಗಳ ಬಾಯಿಯಲ್ಲಿ ಅಪಾಯ ಇನ್ನೂ ಹೆಚ್ಚು. ಭೈರಿದೇವರಕೊಪ್ಪದ ಕಡೆಯ ಒಂದು ಅಡ್ಡರಸ್ತೆಯ ತಿರುವಿನಲ್ಲಿ ಸಂಜೆ ಚಹಾ ಕುಡಿಯುತ್ತ ನಿಂತು ನಾನು ಇದನ್ನು ಗಮನಿಸುತ್ತಿರುತ್ತೇನೆ. ಒಳಗಿನಿಂದ ಬಂದ ಚಾಲಕ ಎಡಕ್ಕೆ ತಿರುಗಿ ಮುಖ್ಯರಸ್ತೆ ಸೇರಬೇಕು. ವಾಹನಗಳು ಬರುವುದು ಬಲಗಡೆಯಿಂದ, ಹಾಗಾಗಿ ಅವನ ಕತ್ತು ಬಲಕ್ಕೇ ತಿರುಗಿರುತ್ತದೆ. ಚಕ್ರ ಮುಂದೆ ಉರುಳತೊಡಗಿದ ಮೇಲೂ ಕಣ್ಣು ಬಲಕ್ಕೇ ಇರುತ್ತದೆ. ವಿರುದ್ಧ ದಿಕ್ಕಿನ ಸೈಕಲ್ಲು ಅವನ ಎಡಗಡೆಯಿಂದ ಬಂದು ಬಾನೆಟ್ಟಿನ ಮುಂದೆ ಹಾಯುತ್ತದೆ. ನೋಡಬೇಕಾದ ಕಡೆಗೇ ನೋಡುತ್ತಿರುವ ಚಾಲಕನಿಗೆ ಅದು ಕಾಣುವುದೇ ಇಲ್ಲ. ಅವನ ತಪ್ಪಿಲ್ಲದೆ ಸೈಕಲ್ಲಿನವನ ಕಾಲು ಮುರಿಯುತ್ತದೆ.

"ಎದುರಿಗೆ ಬಂದರೆ ಬರುವ ಗಾಡಿ ಕಣ್ಣಿಗೆ ಕಾಣುತ್ತದಲ್ಲ" ಎಂಬ ಉತ್ತರ ನನಗೆ ಎಲ್ಲರಿಗಿಂತ ಹೆಚ್ಚಾಗಿ ಹಿರಿಯರಿಂದ ಬರುತ್ತದೆ. ಅದಕ್ಕೊಂದು ಬೇರಿದೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ವಾಹನಗಳಿಗೆ ಮುಖ ಮಾಡಿ ಬಲಬದಿಯಲ್ಲಿ ನಡೆಯಿರಿ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ನಡೆಯುವವರಿಗೆ ಅದು ಸರಿಯಾದ ಪಾಠ. ನಡೆಯುವವನು ಒಂದೇ ಹೆಜ್ಜೆಯಲ್ಲಿ ರಸ್ತೆಯಿಂದ ಕೆಳಗಿಳಿಯಬಲ್ಲ, ನಿಂತಲ್ಲೇ ನಿಲ್ಲಬಲ್ಲ. ಸೈಕಲ್ಲಿಗೆ ಅಡ್ಡ ಹೆಜ್ಜೆ ಇಡಲು ಬರುವುದಿಲ್ಲ, ಬ್ರೇಕ್ ಹಿಡಿದ ಮೇಲೂ ಅದು ಕೆಲವು ಮೀಟರ್ ಮುಂದೆ ಸಾಗುತ್ತದೆ. ಹೀಗಾಗಿ ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ: ಸೀಟಿನ ಮೇಲಿದ್ದರೆ ನಾನು ವಾಹನ, ಎಡಬದಿ ಬಿಡುವುದಿಲ್ಲ, ಕೆಳಗಿಳಿದರೆ ಪಾದಚಾರಿ, ಯಾವ ದಿಕ್ಕಿಗಾದರೂ ಹೋಗಬಹುದು. ಎದುರು ದಿಕ್ಕಿಗೆ ಹೋಗಲೇಬೇಕಾದ ತುಣುಕು ಬಂದರೆ ಇಳಿದು, ಫುಟ್‌ಪಾತಿನ ಮೇಲೆ ಸೈಕಲ್ ನೂಕಿಕೊಂಡು ನಡೆಯುತ್ತೇನೆ. ಇನ್ನೂರು ಮೀಟರ್ ನಡೆಯಲು ಮೂರು ನಿಮಿಷ ಸಾಕು. ತುಳಿದುಕೊಂಡು ಹೋಗಿ ಉಳಿಸುವುದು ಎರಡು ನಿಮಿಷವಷ್ಟೇ.

ದೂರದ ಸಮಸ್ಯೆಯನ್ನು ಮನೆ ಬಿಡುವ ಮೊದಲೇ ಬಗೆಹರಿಸಿಕೊಳ್ಳಬೇಕು. ರಸ್ತೆಗೆ ಬಂದು ನಿಂತ ಮೇಲೆ ಎಲ್ಲಿ ದಾಟಲಿ ಎಂದು ಯೋಚಿಸುವವರು ಎದುರು ದಿಕ್ಕಿಗೇ ಬೀಳುತ್ತಾರೆ. ಎಲ್ಲಿ ದಾಟುತ್ತೇನೆ ಎಂಬುದು ನನಗೆ ಬಾಗಿಲು ಹಾಕುವಾಗಲೇ ಗೊತ್ತಿರುತ್ತದೆ. ಸಿಗ್ನಲ್ ಇರುವ ವೃತ್ತ ಹತ್ತಿರವಿದ್ದರೆ ಅಲ್ಲಿಗೆ ಹೋಗುತ್ತೇನೆ. ಇಲ್ಲದಿದ್ದರೆ ಚಿಗರಿ ನಿಲ್ದಾಣದ ಪ್ರಯಾಣಿಕರು ದಾಟುವ ಜೀಬ್ರಾ ಪಟ್ಟೆಯಲ್ಲಿ, ಅವರ ಜೊತೆಗೇ ಸೈಕಲ್ ನೂಕಿಕೊಂಡು ದಾಟುತ್ತೇನೆ. ಗುಂಪಿನಲ್ಲಿ ದಾಟುವವರಿಗೆ ಚಾಲಕರು ಹೆಚ್ಚು ಮರ್ಯಾದೆ ಕೊಡುತ್ತಾರೆ. ಬಸ್ ಪಥ ದಾಟುವಾಗ ಮಾತ್ರ ಎರಡೂ ಕಡೆ ನೋಡಲೇಬೇಕು, ಚಿಗರಿ ಸದ್ದಿಲ್ಲದೆ ಬಂದುಬಿಡುತ್ತದೆ. ದಾಟುವ ಜಾಗದವರೆಗೆ ಮುಖ್ಯರಸ್ತೆಯಲ್ಲಿ ಹಿಂದಕ್ಕೆ ಬರುವ ಬದಲು ಬಡಾವಣೆಯ ಒಳಗಿನಿಂದಲೇ ಅಲ್ಲಿಗೆ ತಲುಪುವ ಓಣಿಗಳನ್ನು ಹುಡುಕಿಟ್ಟುಕೊಂಡಿದ್ದೇನೆ. ಭಾನುವಾರದ ಬೆಳಿಗ್ಗೆ ಸಾವಕಾಶವಾಗಿ ಸುತ್ತಾಡಿದರೆ ಇಂಥ ಓಣಿಗಳು ಸಿಗುತ್ತವೆ. ಮೊಬೈಲ್ ನಕ್ಷೆ ಅಷ್ಟು ನೆರವಾಗುವುದಿಲ್ಲ. ಕಾರಿಗೆ ಹಿಡಿಸದ ಸಂದಿಯನ್ನು ಅದು ದಾರಿ ಎಂದೇ ಎಣಿಸದಿರಬಹುದು.

ಇನ್ನು ಬೆನ್ನ ಹಿಂದಿನ ಭಯ. ಇದಕ್ಕೆ ಕನ್ನಡಿಗಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಹ್ಯಾಂಡಲ್ಲಿನ ಬಲತುದಿಗೆ ಕೂರಿಸುವ, ಅಂಗೈಯಗಲದ ಉಬ್ಬುಗನ್ನಡಿ. ತೀರಾ ಅಗ್ಗದ್ದಾದರೂ ನಡೆಯುತ್ತದೆ, ಆದರೆ ಹಿಡಿಕೆ ಗಟ್ಟಿಯಿರಬೇಕು. ಗುಂಡಿಯೊಂದರಲ್ಲಿ ಇಳಿದೊಡನೆ ಆಕಾಶ ತೋರಿಸತೊಡಗುವ ಕನ್ನಡಿಯಿಂದ ಉಪಯೋಗವಿಲ್ಲ. ಉಬ್ಬುಗನ್ನಡಿಯಲ್ಲಿ ವಾಹನ ಇರುವುದಕ್ಕಿಂತ ದೂರದಲ್ಲಿದೆ ಎನ್ನಿಸುತ್ತದೆ. ಹಾಗಾಗಿ ಬಲಕ್ಕೆ ಸರಿಯುವ ಮೊದಲು ಕನ್ನಡಿ ನೋಡಿದರೂ ಒಮ್ಮೆ ಬಲಭುಜದ ಮೇಲಿನಿಂದ ಹಿಂದಿರುಗಿ ನೋಡುತ್ತೇನೆ. ಹಾಗೆ ತಿರುಗಿ ನೋಡುವಾಗ ಹೊಸಬರ ಹ್ಯಾಂಡಲ್ಲೂ ಬಲಕ್ಕೆ ಎಳೆಯುತ್ತದೆ. ಖಾಲಿ ಮೈದಾನದಲ್ಲಿ ಒಂದು ಗೆರೆ ಹಿಡಿದು ಅಭ್ಯಾಸ ಮಾಡಿದರೆ ಇದು ಸರಿಹೋಗುತ್ತದೆ. ನಮ್ಮ ಕಡೆ ಆಷಾಢದ ಜಿಟಿಜಿಟಿ ಮಳೆಯಲ್ಲಿ ಕನ್ನಡಿ ಮಂಜಾಗುತ್ತದೆ. ಜೇಬಿನಲ್ಲಿ ಒಂದು ಒಣ ಬಟ್ಟೆ ಇರಲಿ.

ಎಡಬದಿ ಎಂದರೆ ರಸ್ತೆಯ ಕಟ್ಟಕಡೆಯ ಅಂಚು ಎಂದಲ್ಲ. ಅಂಚಿನಲ್ಲಿ ಮರಳು, ಚರಂಡಿಯ ಜಾಲರಿ, ನಿಂತ ಕಾರಿನ ಬಾಗಿಲು ಎಲ್ಲ ಇರುತ್ತವೆ. ಅದಕ್ಕೇ ಅಂಚಿನಿಂದ ಒಂದು ಮೀಟರಿನಷ್ಟು ಒಳಗೆ, ನೇರ ಗೆರೆಯಲ್ಲಿ ತುಳಿಯುತ್ತೇನೆ. ನಿಂತ ಕಾರುಗಳ ನಡುವಿನ ಖಾಲಿ ಜಾಗಕ್ಕೆ ನುಗ್ಗಿ ಮತ್ತೆ ಹೊರಬರುವುದಿಲ್ಲ. ಹಿಂದಿನವರಿಗೆ ನನ್ನ ಮುಂದಿನ ನಡೆ ಗೊತ್ತಾಗಬೇಕು, ನನ್ನ ರಕ್ಷಣೆಯ ಅರ್ಧಭಾಗ ಅದರಲ್ಲೇ ಇದೆ. ಉಳಿದರ್ಧ ರಾತ್ರಿಯಲ್ಲಿ ದೀಪದ್ದು. ಹಿಂದೆ ಕೆಂಪು, ಮುಂದೆ ಬಿಳಿ. ಎದುರು ದಿಕ್ಕಿಗೆ ಬರುವವನ ಕೆಂಪು ದೀಪವೂ ಹಿಂಬದಿಯ ಪ್ರತಿಫಲಕವೂ ಯಾವ ಚಾಲಕನಿಗೂ ಕಾಣದೆ ವ್ಯರ್ಥವಾಗುತ್ತವೆ ಎಂಬುದು ಹಲವರಿಗೆ ಹೊಳೆದೇ ಇರುವುದಿಲ್ಲ.

ನಾನು ಸರಿಯಾಗಿ ಹೋಗುತ್ತಿರುವಾಗ ಎದುರಿಗೆ ಇನ್ನೊಂದು ಸೈಕಲ್ ಬಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಮೊದಲೇ ತೀರ್ಮಾನವಾಗಿರಬೇಕು, ಆ ಗಳಿಗೆಯಲ್ಲಿ ಯೋಚಿಸಲು ಆಗುವುದಿಲ್ಲ. ಇಬ್ಬರಿಗೂ ಅಂಚೇ ಬೇಕು. ಒಬ್ಬರು ವಾಹನಗಳ ಕಡೆಗೆ ಸರಿಯಲೇಬೇಕು. ನಾನು ಸರಿದರೆ ನನ್ನ ಬೆನ್ನಿಗೆ ಬರುತ್ತಿರುವುದು ನನಗೆ ಕಾಣುವುದಿಲ್ಲ. ಅವನು ಸರಿದರೆ ಬರುತ್ತಿರುವುದೆಲ್ಲ ಅವನ ಕಣ್ಣೆದುರಿಗೇ ಇರುತ್ತದೆ. ಹಾಗಾಗಿ ನಾನು ಅಂಚು ಬಿಡುವುದಿಲ್ಲ. ದೂರದಿಂದಲೇ ಬೆಲ್ ಬಾರಿಸಿ, ವೇಗ ತಗ್ಗಿಸಿ, ಎಡಕ್ಕೆ ಒತ್ತಿಕೊಂಡು ಅಂಚುಗಲ್ಲಿನ ಮೇಲೆ ಕಾಲೂರಿ ನಿಂತುಬಿಡುತ್ತೇನೆ. ಎದುರಿನವರು ಮಕ್ಕಳಾಗಿದ್ದರೆ ಕೈ ಮಾಡಿ ಅವರನ್ನೂ ನಿಲ್ಲಿಸಿ, ಹಿಂದಿನ ವಾಹನಗಳು ಹೋದ ಮೇಲೆ ಮುಂದಕ್ಕೆ ಬಿಡುತ್ತೇನೆ. ವಿರುದ್ಧ ದಿಕ್ಕಿನಲ್ಲಿ ಬೈಕ್ ಓಡಿಸಿಕೊಂಡು ಬರುವವರಿಗೂ ನಿಂತೇ ದಾರಿ ಬಿಡುತ್ತೇನೆ. ಅವರೊಂದಿಗೆ ರಸ್ತೆಯಲ್ಲಿ ವಾದಕ್ಕೆ ಇಳಿಯುವುದಿಲ್ಲ, ವಾದದ ನಡುವೆ ಹಿಂದಿನಿಂದ ಬರುವ ವಾಹನದ ಮೇಲೆ ಯಾರ ಗಮನವೂ ಇರುವುದಿಲ್ಲ.

ಸೈಕಲ್ಲಿನವರನ್ನು ಮಾತನಾಡಿಸುವುದಾದರೆ ಅದು ರಿಪೇರಿ ಅಂಗಡಿಯಲ್ಲಿ ಆಗಬೇಕು. ನಮ್ಮ ಓಣಿಗೆ ಹಾಲು ಹಾಕುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಎನ್ನುತ್ತೇವೆ. ಹಳೆಯ ಸರಳಿನ ಬ್ರೇಕಿನ ಸೈಕಲ್, ಎರಡೂ ಬದಿಗೆ ಕ್ಯಾನು. ಅವರೂ ಎದುರು ದಿಕ್ಕಿನವರೇ. ಒಂದು ದಿನ ಪಂಕ್ಚರ್ ಹಾಕಿಸಲು ಕುಳಿತಿದ್ದಾಗ, "ಕಾಕಾ, ಹಿಂದಿನದು ಕಾಣುವುದಿಲ್ಲ ಎಂದೇ ತಾನೇ ಆ ಕಡೆ ಹೋಗುವುದು?" ಎಂದು ಕೇಳಿದೆ. "ಹೌದಪ್ಪಾ, ಕ್ಯಾನಿಗೆ ತಾಗಿಸಿಕೊಂಡೇ ಹೋಗುತ್ತಾರೆ. ಒಮ್ಮೆ ಅರ್ಧ ಕ್ಯಾನು ಹಾಲು ರಸ್ತೆ ಪಾಲಾಯಿತು" ಎಂದರು. ಅಂಗಡಿಯವರು ಪಾನಾ ಹಿಡಿದು, ಹ್ಯಾಂಡಲ್ಲಿಗೆ ರಬ್ಬರ್ ಪಟ್ಟಿ ಸುತ್ತಿ, ಅದರ ಮೇಲೆ ಕನ್ನಡಿ ಬಿಗಿದರು. ಕಾಕಾ ಸೀಟಿನ ಮೇಲೆ ಕುಳಿತರು, ನಾನು ಹಿಂದೆ ಹತ್ತು ಹೆಜ್ಜೆ ಹೋಗಿ ನಿಂತೆ. "ಭುಜ ಕಾಣುತ್ತಿದೆ, ತಲೆ ಇಲ್ಲ" ಎಂದರು. ಒಂದಿಷ್ಟು ಮೇಲಕ್ಕೆ ತಿರುಗಿಸಿದ ಮೇಲೆ ನಾನು ಪೂರ್ತಿ ಕಂಡೆ. ಕ್ಯಾನಿನ ಹೊರ ಅಂಚಿಗೆ ಕೆಂಪು ಪ್ರತಿಫಲಕ ಪಟ್ಟಿಯನ್ನೂ ಅಂಟಿಸಿದೆವು. ಈಗ ಮುಖ್ಯರಸ್ತೆಯಲ್ಲಿ ಅವರು ಎಡಬದಿಯಲ್ಲೇ ಬರುತ್ತಾರೆ. ಆಚೆ ಬದಿಯ ಮನೆಗಳಿಗೆ ಮೊದಲು ಹಾಲು ಹಾಕಿ, ಆಮೇಲೆ ಒಮ್ಮೆ ದಾಟಿ ಈಚೆಯ ಮನೆಗಳಿಗೆ ಬರುವಂತೆ ಸರದಿಯನ್ನೇ ಬದಲಿಸಿಕೊಂಡಿದ್ದಾರೆ. ಆ ಸರದಿ ಅವರೇ ಯೋಚಿಸಿದ್ದು, ನನಗೆ ಹೊಳೆದಿರಲಿಲ್ಲ.

ಯುರೋಪಿನಲ್ಲಿ ಏಕಮುಖ ರಸ್ತೆಯಲ್ಲೂ ಸೈಕಲ್ಲಿಗೆ ಎದುರು ದಿಕ್ಕಿಗೆ ಹೋಗಲು ಬಿಡುತ್ತಾರಲ್ಲ ಎಂದು ಓದಿಕೊಂಡ ಯುವಕರು ಕೇಳುತ್ತಾರೆ. ನಿಜ. ಬೆಲ್ಜಿಯಂನಲ್ಲಿ 2004ರಿಂದ ವೇಗಮಿತಿ 50ರೊಳಗಿದ್ದು, ಮೂರು ಮೀಟರಾದರೂ ಅಗಲವಿರುವ ಏಕಮುಖ ರಸ್ತೆಗಳಲ್ಲಿ, ಸುರಕ್ಷತೆಗೆ ಅಡ್ಡಿಯಿಲ್ಲದಿದ್ದರೆ, ಸೈಕಲ್ಲಿಗೆ ಎರಡೂ ದಿಕ್ಕು ತೆರೆದಿರಬೇಕು. ಆದರೆ ಅಲ್ಲಿ ರಸ್ತೆಯ ಬಾಯಿಯಲ್ಲೇ ಫಲಕವಿರುತ್ತದೆ, ಎದುರಿಗೆ ಸೈಕಲ್ ಬರುತ್ತದೆ ಎಂದು ಚಾಲಕನಿಗೆ ಗೊತ್ತಿರುತ್ತದೆ. ನಮ್ಮ ಬಡಾವಣೆಗಳ ಒಳಗಿನ ಏಕಮುಖ ಬೀದಿಗಳಲ್ಲೂ ಅಂಥ ವ್ಯವಸ್ಥೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಲಾರಿ ಓಡುವ ಮುಖ್ಯರಸ್ತೆಗೆ ಆ ಉದಾಹರಣೆ ಹೊಂದುವುದಿಲ್ಲ. ಸೈಕಲ್ಲಿಗೆ ಕಾನೂನೇ ಇಲ್ಲ ಎಂಬ ಮಾತೂ ಸರಿಯಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಸೈಕಲ್ ಮೋಟಾರು ವಾಹನವಲ್ಲ, ಲೈಸೆನ್ಸ್ ಬೇಡ ಎಂಬುದು ಹೌದು; ಆದರೆ ಜನರ ಜೀವಕ್ಕೆ ಅಪಾಯವಾಗುವಂತೆ ಸಾರ್ವಜನಿಕ ರಸ್ತೆಯಲ್ಲಿ ವಾಹನ ಓಡಿಸುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಮೋಟಾರು ವಾಹನಗಳಿಗಷ್ಟೇ ಸೀಮಿತವಲ್ಲ.

ಹಾಗೆಂದು ಹಾಲಿನವರಿಂದ, ಹಮಾಲರಿಂದ ಮಾತ್ರ ಎಲ್ಲವನ್ನೂ ಕೇಳುವುದು ನ್ಯಾಯವಲ್ಲ. ರಸ್ತೆಯೂ ಅವರಿಗೆ ಒಂದಿಷ್ಟು ಜಾಗ ಮಾಡಿಕೊಡಬೇಕು. ನಮ್ಮ ಬಡಾವಣೆಯವರು ಕೂಡಿ ಒಂದು ಮನವಿ ಬರೆದಿದ್ದೇವೆ. ಜೀಬ್ರಾ ಪಟ್ಟೆಯ ಎರಡೂ ತುದಿಗಳಲ್ಲಿ ಅಂಚುಗಲ್ಲನ್ನು ಇಳಿಜಾರು ಮಾಡಿಕೊಡಿ, ಭಾರ ಹೊತ್ತ ಸೈಕಲ್ಲನ್ನು ಎತ್ತಲು ಎಲ್ಲರಿಂದಲೂ ಆಗುವುದಿಲ್ಲ. ಫುಟ್‌ಪಾತಿನ ಮೇಲೆ ನಿಲ್ಲಿಸುವ ಬೈಕುಗಳನ್ನು ತೆರವು ಮಾಡಿಸಿ, ಇಳಿದು ನೂಕಿಕೊಂಡು ಹೋಗುವವರಿಗೆ ದಾರಿ ಬೇಕು. ದಾಟಲು ಕೊಡುವ ಹಸಿರು ದೀಪದ ಸಮಯವನ್ನು ವಯಸ್ಸಾದವರ ನಡಿಗೆಗೆ ತಕ್ಕಂತೆ ಹೆಚ್ಚಿಸಿ. ಎದುರು ದಿಕ್ಕಿನ ಸವಾರಿ ಎಲ್ಲಿ ಹೆಚ್ಚು ನಡೆಯುತ್ತದೆಯೋ ಆ ಜಾಗಗಳನ್ನು ಗುರುತು ಹಾಕಿ, ಪ್ರತಿಯೊಂದರ ಫೋಟೊ ಲಗತ್ತಿಸಿದ್ದೇವೆ. ಜನ ಎಲ್ಲಿ ದಾಟಬಯಸುತ್ತಾರೆ ಎಂಬುದು ಆ ಗುರುತುಗಳಿಂದಲೇ ತಿಳಿಯುತ್ತದೆ. ಮನವಿಯನ್ನು ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಮಳೆಗಾಲಕ್ಕೆ ಮುಂಚೆ ಅಂಚುಗಲ್ಲಿನ ಕೆಲಸವಾದರೂ ಆಗಲೆಂದು ಹೋಗಿ ಕೇಳುತ್ತಲೇ ಇದ್ದೇವೆ.