ಅನೋಟೆ ಟಾಂಗ್ ರಾಜಕೀಯವನ್ನು ಪರೀಕ್ಷೆಗೆ ಓದೋದು ಹೇಗೆ?

ವಿಜಯನಗರ, ಹಂಪಿನಗರ ಕಡೆ ಕೆಎಎಸ್, ಯುಪಿಎಸ್‌ಸಿಗೆ ಓದೋರ ನೋಟ್ಸ್ ತೆಗೆದು ನೋಡಿ. ಅನೋಟೆ ಟಾಂಗ್ ಬಗ್ಗೆ ಇದ್ದರೆ ಒಂದೇ ಸಾಲು: ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಟಿಯ ಮಾಜಿ ಅಧ್ಯಕ್ಷ, ಹವಾಮಾನ ಬದಲಾವಣೆ ಬಗ್ಗೆ ದನಿ ಎತ್ತಿದವರು. ಪ್ರಬಂಧಕ್ಕೆ ಇಷ್ಟು ಸಾಕು ಅನ್ನಿಸಬಹುದು. ಸಂದರ್ಶನದಲ್ಲಿ ಮರುಪ್ರಶ್ನೆ ಬಂದರೆ ಏನು ಹೇಳ್ತೀರಿ? ಅದಕ್ಕೇ ಭಾಷಣಗಳನ್ನು ಪಕ್ಕಕ್ಕಿಡಿ, ಮತ ಎಣಿಕೆಯಿಂದ ಶುರು ಮಾಡಿ.

ಅದಕ್ಕೂ ಮೊದಲು ದೇಶದ ಅಳತೆ ಬರೆದುಕೊಳ್ಳಿ. 33 ದ್ವೀಪ, ನೆಲ ಎಲ್ಲಾ ಸೇರಿ 811 ಚದರ ಕಿ.ಮೀ., ಆದರೆ ಮೀನುಗಾರಿಕೆ ಹಕ್ಕಿರುವ ಸಮುದ್ರ ಸುಮಾರು 35 ಲಕ್ಷ ಚದರ ಕಿ.ಮೀ. ಜನ ಲಕ್ಷ ಚಿಲ್ಲರೆ. ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಅದಕ್ಕಿಂತ ಜಾಸ್ತಿ ಮತದಾರರಿದ್ದಾರೆ. ಸರ್ಕಾರದ ಆದಾಯದ ದೊಡ್ಡ ಪಾಲು ಹೊರದೇಶದ ಟ್ಯೂನಾ ಹಡಗುಗಳು ಕಟ್ಟುವ ಪರವಾನಗಿ ಶುಲ್ಕ. ಈ ಕೊನೇ ಮಾತಿಗೆ ಗೆರೆ ಎಳೆಯಿರಿ.

ಆಮೇಲೆ ನಿಯಮ. ನಮ್ಮ ರಾಷ್ಟ್ರಪತಿ ಚುನಾವಣೆ ತಲೆಯಲ್ಲಿಟ್ಟುಕೊಂಡು ಓದಿದರೆ ಗೊಂದಲ ಗ್ಯಾರಂಟಿ. ಅಲ್ಲಿ ಸಂಸತ್ತು ತನ್ನ ಸದಸ್ಯರಲ್ಲೇ ಮೂರ್ನಾಲ್ಕು ಜನರನ್ನು ಆರಿಸಿ ಕಣಕ್ಕಿಳಿಸುತ್ತದೆ, ಜನ ನೇರವಾಗಿ ಅವರಲ್ಲೊಬ್ಬರಿಗೆ ಮತ ಹಾಕುತ್ತಾರೆ. ಒಬ್ಬರಿಗೆ ಮೂರೇ ಅವಧಿ. ಅವಿಶ್ವಾಸ ಗೊತ್ತುವಳಿ ಗೆದ್ದರೆ ಅಧ್ಯಕ್ಷರೂ ಮನೆಗೆ, ಸಂಸತ್ತೂ ವಿಸರ್ಜನೆ.

ಈ ನಿಯಮ ಇಟ್ಟುಕೊಂಡು 2003ನೇ ಇಸವಿ ನಿಧಾನವಾಗಿ ಓದಿ, ಟಾಂಗ್ ಕಥೆಯಲ್ಲಿ ಸಿನಿಮಾದಂಥ ಭಾಗ ಇದೇ. ಫೆಬ್ರವರಿಯಲ್ಲಿ ಆಗಿನ ಅಧ್ಯಕ್ಷ ಟೆಬುರೊರೊ ಟಿಟೊ ಮತ್ತೆ ಗೆದ್ದರು, ಮಾರ್ಚ್‌ನಲ್ಲೇ ಅವಿಶ್ವಾಸಕ್ಕೆ ಸಿಕ್ಕಿ ಬಿದ್ದರು. ಅವರ ಮೂರು ಅವಧಿ ಲೆಕ್ಕಕ್ಕೆ ಮುಗಿದುಹೋಯಿತು, ಮತ್ತೆ ನಿಲ್ಲುವ ಹಾಗಿಲ್ಲ. ಜುಲೈನಲ್ಲಿ ಹೊಸ ಚುನಾವಣೆ. ಎದುರುಬದುರು ನಿಂತದ್ದು ಯಾರು? ಅನೋಟೆ ಟಾಂಗ್ ಮತ್ತು ಹ್ಯಾರಿ ಟಾಂಗ್, ಒಡಹುಟ್ಟಿದವರು! ಅನೋಟೆಗೆ ಶೇ 47.4, ಹ್ಯಾರಿಗೆ ಶೇ 43.5. ಮತದ ಲೆಕ್ಕದಲ್ಲಿ ಅಂತರ ಸಾವಿರ ಚಿಲ್ಲರೆ ಅಷ್ಟೇ. ಅಣ್ಣತಮ್ಮಂದಿರ ಜಗಳಕ್ಕೆ ಚುನಾವಣೆ ನಡೆಯೋದು ನಮಗೇನು ಹೊಸದಲ್ಲ ಬಿಡಿ.

ಈಗ ಹಾಳೆಯ ಮಧ್ಯೆ ಒಂದು ಗೆರೆ ಎಳೆದು, ಎಡಗಡೆ ಊರಿನ ಲೆಕ್ಕ, ಬಲಗಡೆ ಜಗತ್ತಿನ ಹೆಸರು ಅಂತ ಬರೆಯಿರಿ. 2007ರಲ್ಲಿ ಶೇ 64ರ ಹತ್ತಿರ ಮತ ಬಂತು, ಆದರೆ ಪಕ್ಕದಲ್ಲೇ ಒಂದು ಟಿಪ್ಪಣಿ ಬೇಕು: ಪ್ರತಿಪಕ್ಷದ ದೊಡ್ಡ ಹೆಸರುಗಳನ್ನು ಸಂಸತ್ತು ಕಣಕ್ಕೇ ಬಿಟ್ಟಿರಲಿಲ್ಲ. 2012ರಲ್ಲಿ ಎದುರಾಳಿಗಳು ಗಟ್ಟಿಯಾಗಿದ್ದರು, ಮತ ಶೇ 42ಕ್ಕೆ ಇಳಿಯಿತು, ಆದರೂ ಗೆದ್ದರು. ಇದೇ ಹೊತ್ತಿಗೆ ಬಲಗಡೆ ನೋಡಿದರೆ ಅವರ ಹೆಸರು ಏರುತ್ತಲೇ ಇದೆ. ಸಮುದ್ರ ಏರಿ ದ್ವೀಪಗಳು ಮುಳುಗುವ ಮೊದಲೇ ಕೆಲಸ ಕಲಿತು ಮರ್ಯಾದೆಯಿಂದ ವಲಸೆ ಹೋಗೋಣ ಅನ್ನುವ ಅವರ ಮಾತು ವಿಶ್ವಸಂಸ್ಥೆಯವರೆಗೂ ಹೋಯಿತು. ಒಳ್ಳೇ ಉತ್ತರ ಹುಟ್ಟೋದು ಈ ಎರಡು ಕಾಲಂ ಹೊಂದದೇ ಇರೋ ಜಾಗದಲ್ಲಿ.

2014ರ ಜಮೀನು ಖರೀದಿಯನ್ನು ಅಲ್ಲಿಟ್ಟು ನೋಡಿ. ಫಿಜಿಯ ವನುವಾ ಲೆವು ದ್ವೀಪದಲ್ಲಿ ಚರ್ಚಿಗೆ ಸೇರಿದ ಸುಮಾರು 20 ಚದರ ಕಿ.ಮೀ. ನೆಲವನ್ನು ಟಾಂಗ್ ಸರ್ಕಾರ ಕೊಂಡಿತು. ಇಡೀ ದೇಶವೇ ಗುಳೆ ಹೊರಟಿದೆ ಅಂತ ಜಗತ್ತಿನ ಪತ್ರಿಕೆಗಳು ಬರೆದವು. ಆದರೆ ಆ ನೆಲದಲ್ಲಿ ಆಗಲೇ ಸೊಲೊಮನ್ ದ್ವೀಪಗಳ ಮೂಲದ ಜನ ನೆಲೆಸಿದ್ದರು. ಊರಲ್ಲಿ ವಿರೋಧಿಗಳಿಗೆ ಇದು ದುಡ್ಡು ದಂಡ ಅನ್ನೋಕೆ ಒಳ್ಳೇ ಅಸ್ತ್ರವಾಯಿತು. ನನಗೆ ಕೇಳಿದರೆ ಕೊಂಡದ್ದು ನೆಲಕ್ಕಿಂತ ಜಾಸ್ತಿ ಸುದ್ದಿ.

ಕಿರಿಬಾಟಿಯದೇ ಆದ ಫೀನಿಕ್ಸ್ ದ್ವೀಪಗಳ ಸಂರಕ್ಷಿತ ಪ್ರದೇಶಕ್ಕೂ ಹೀಗೇ ಮಾಡಿ. ನಾಲ್ಕು ಲಕ್ಷ ಚದರ ಕಿ.ಮೀ. ಮೀರಿದ ಸಮುದ್ರ, 2010ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 2015ರಿಂದ ಅಲ್ಲಿ ವಾಣಿಜ್ಯ ಮೀನುಗಾರಿಕೆ ಬಂದ್. ಆಗ ಗೆರೆ ಎಳೆದಿರಲ್ವಾ, ಪರವಾನಗಿ ಶುಲ್ಕ? ಅಲ್ಲೇ ಪೆಟ್ಟು. 2016ರಲ್ಲಿ ಟಾಂಗ್ ಅವಧಿ ಮುಗಿದು ಟನೇಟಿ ಮಾಮೌ ಬಂದರು, 2021ರಲ್ಲಿ ಅವರ ಸರ್ಕಾರ ಆ ಸಮುದ್ರವನ್ನು ಮೀನುಗಾರಿಕೆಗೆ ತೆರೆಯುವುದಾಗಿ ಘೋಷಿಸಿತು.

ಕೊನೆಗೆ ಚೀನಾ. ಕಿರಿಬಾಟಿಯ ರಾಜಧಾನಿ ತರಾವಾದಲ್ಲಿ ಚೀನಾದ ಉಪಗ್ರಹ ನಿಗಾ ಕೇಂದ್ರವಿತ್ತು. ಟಾಂಗ್ 2003ರ ನವೆಂಬರ್‌ನಲ್ಲಿ ತೈವಾನ್ ಕೈ ಹಿಡಿದರು, ಚೀನಾ ಸಂಬಂಧ ಕಡಿದುಕೊಂಡು ಕೇಂದ್ರ ಮುಚ್ಚಿಕೊಂಡು ಹೋಯಿತು. 2019ರ ಸೆಪ್ಟೆಂಬರ್‌ನಲ್ಲಿ ಮಾಮೌ ವಾಪಸ್ ಚೀನಾ ಕಡೆ ಹೊರಳಿದರು. ಈ ಭಾಗವನ್ನು ಬೇರೆ ಹಾಳೆಯಲ್ಲೇ ಬರೆದು ಅಂತರರಾಷ್ಟ್ರೀಯ ಸಂಬಂಧಗಳ ಫೈಲಿಗೆ ಹಾಕಿ. ಪರಿಸರದ ಫೈಲಲ್ಲಿಟ್ಟರೆ ಪರೀಕ್ಷೆ ಹಿಂದಿನ ದಿನ ಸಿಗಲ್ಲ.